ಎರಡೂ ಕಡೆಯವನು

ದಾಸಪ್ಪನ ಎಡಗೆನ್ನೆಯ ಕ್ಷೌರ ಮುಗಿದು ಬಲಗೆನ್ನೆಯ ಮೇಲೆ ಇನ್ನೂ ನೊರೆಯಿರುವಾಗ ಫೋನು ಬಂತು. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಆ ಸಲೂನಿನಲ್ಲಿ ಭಾನುವಾರ ಬೆಳಗ್ಗೆ ಕೂರಲು ಜಾಗ ಸಿಕ್ಕುವುದೇ ಪುಣ್ಯ. ಬೆಂಚಿನ ಮೇಲೆ ಪೇಪರು ಹಿಡಿದು ಕಾಯುತ್ತಿದ್ದವರೆಲ್ಲ ಒಂದು ಕಾಲಕ್ಕೆ ಇದೇ ಊರಿನಲ್ಲಿ ಅಕ್ಕಪಕ್ಕದ ಹೊಲಗಳಲ್ಲಿ ರಾಗಿ ಕೊಯ್ದವರು. ಈಗ ಅಕ್ಕಪಕ್ಕದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು, ಯಾರ ಬೋರ್‌ವೆಲ್ ಬತ್ತಿತು, ಯಾರ ಮನೆ ಖಾಲಿ ಬಿದ್ದಿದೆ ಎಂದು ಕನಿಕರದಿಂದ ವಿಚಾರಿಸಿಕೊಳ್ಳುವವರು. ನೊರೆ ಮೆತ್ತಿಕೊಳ್ಳುತ್ತದೆಂದು ದಾಸಪ್ಪ ಫೋನನ್ನು ಕಿವಿಗಿಡದೆ, ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡ.

"ದಾಸಪ್ಪನವರಾ ರೀ? ನಾ ರಾಜಶ್ರೀ ಅಂತ. ಮಸ್ಕತ್‌ನಾಗ ಇಂಡಿಯನ್ ಎಂಬಸಿಯಿಂದ ಮಾತಾಡಾಕತ್ತೀನಿ. ನಾನೂ ಹುಬ್ಬಳ್ಳಿಯಾಕಿನ ರೀ. ನಿಮ್ಮ ಮಗಳು ರಮ್ಯ ಇಲ್ಲೇ ನಮ್ಮ ಆಫೀಸಿನ್ಯಾಗ ಕುಂತಾಳ. ಗಾಬರಿ ಆಗಬ್ಯಾಡ್ರಿ, ಆರಾಮ ಅದಾಳ."

ಕತ್ತಿ ಗಲ್ಲದ ಹತ್ತಿರ ಬಂದು ನಿಂತಿತು. ಕನ್ನಡಿಯಲ್ಲಿ ಬೆಂಚಿನ ಮೇಲಿನ ಪೇಪರುಗಳು ಒಂದೊಂದಾಗಿ ತಗ್ಗಿದವು. ಸ್ಪೀಕರು ಆರಿಸಬೇಕೆಂದು ದಾಸಪ್ಪನ ಕೈ ಮೈಮೇಲೆ ಹೊದಿಸಿದ್ದ ಬಟ್ಟೆಯ ಕೆಳಗೆ ತಡಕಾಡಿತು, ಸಿಕ್ಕಲಿಲ್ಲ. ಆ ಹೆಂಗಸು ಹೇಳುತ್ತಲೇ ಹೋದಳು. ರಮ್ಯ ಬೆಳಗಾಗುವ ಮೊದಲೇ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಪಾಸ್‌ಪೋರ್ಟು ಗಂಡನ ಹತ್ತಿರ ಇದೆ. "ಅದು ಇಲ್ದಿದ್ರೂ ನಡೀತೈತ್ರಿ, ಊರಿಗೆ ಹೋಗಾಕ ನಾವು ಬ್ಯಾರೆ ಕಾಗದ ಮಾಡಿಕೊಡ್ತೀವಿ. ಇವತ್ತ ಇರಾಕ ಜಾಗಾನೂ ಕೊಡ್ತೀವಿ. ಆದ್ರ ಆಕಿ ಒಂದ ಮಾತಿಗೆ ಕುಂತಾಳ. ನಮ್ಮಪ್ಪ ಬಾ ಅಂದ್ರ ಹೋಗ್ತೀನಿ, ಇಲ್ಲಾಂದ್ರ ಇಲ್ಲ ಅಂತಾಳ. ನೀವು ಹೂಂ ಅನ್ರಿ, ಸಾಕು."

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಕನ್ನಡಿಯಲ್ಲಿ ಅಷ್ಟೂ ಮುಖಗಳು ದಾಸಪ್ಪನ ಬಾಯಿಯನ್ನೇ ನೋಡುತ್ತಿದ್ದವು. ಆ ಮುಖಗಳ ಮನೆಗಳಲ್ಲೆಲ್ಲ ಅವನು ಚಾಪೆಯ ಮೇಲೆ ಕೂತು ನ್ಯಾಯ ಹೇಳಿದವನು. ಅವನ ಗಂಟಲಿನಿಂದ ತಾನಾಗಿಯೇ ಆ ದನಿ ಹೊರಟಿತು, ಮದುವೆಮನೆ ಸಾವಿನಮನೆಗಳಲ್ಲಿ ಹೊರಡುವ ಯಜಮಾನಿಕೆಯ ದನಿ. "ನೋಡಮ್ಮ, ಅಳಿಯ ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಂಗಿ ಮಗ. ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬರುತ್ತೆ, ಒಂದ್ ಮಾತು ಹೋಗುತ್ತೆ. ಉಂಡು ಮಲಗೋ ತನಕ ಅಷ್ಟೆ. ನಾವು ಮನೇಲೇ ಕೂತು ತೀರ್ಮಾನ ಮಾಡ್ಕೊತೀವಿ, ನೀವೇನೂ ತಲೆ ಕೆಡಿಸ್ಕೋಬೇಡಿ."

"ಆಕೀಗೆ ಫೋನ್ ಕೊಡ್ಲೇನ್ರಿ? ಇಲ್ಲೇ ಬಾಜೂಕ ಕುಂತಾಳ."

"ಬೇಡ, ಬೇಡ. ಈಗ ಬೇಡ."

ರಾಜಶ್ರೀ ದನಿ ತಗ್ಗಿಸಿ ಹೇಳಿದಳು, "ಯಜಮಾನ್ರ, ಆಕಿ ಇಲ್ಲಿ ಬಂದಾಳಂತ ಆಕಿ ಗಂಡಗ ಮಾತ್ರ ತಿಳಿಸಬ್ಯಾಡ್ರಿ. ಬ್ಯಾಡಂತ ಆಕಿ ಭಾಳ ಹೇಳ್ಯಾಳ. ಸಂಜಿಮಟ ಯೋಚನೆ ಮಾಡ್ರಿ. ಇದ ನಂಬರಿಗೆ ಫೋನ್ ಮಾಡ್ರಿ, ನಾ ಇರ್ತೀನಿ."

ಕತ್ತಿ ಮತ್ತೆ ಓಡತೊಡಗಿತು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಒಂದು ಬೈಗುಳವಾದರೂ ಬಿಸಾಡಬಹುದಿತ್ತು. ಬೆಂಚಿನಿಂದ ಒಬ್ಬ ಮಾತ್ರ, "ನೀವು ಹೇಳಿದ್ದು ಸರಿ ದಾಸಪ್ಪಣ್ಣ, ಎಂಬಸಿಗೆಲ್ಲ ಯಾಕೆ ಹೋಗ್ಬೇಕಿತ್ತು, ಮನೇಲಿ ದೊಡ್ಡವರು ಇಲ್ವಾ" ಎಂದ. ಸಮಾಧಾನ ಹೇಳಿದನೋ ಚುಚ್ಚಿದನೋ ಗೊತ್ತಾಗಲಿಲ್ಲ. ಫೋನು ಬೇಡವೆಂದದ್ದು ಇವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆಂದೋ ಅಥವಾ ಪದ್ಧತಿ ಅದೆಂದೋ? ಪದ್ಧತಿಯೇ ಎಂದು ದಾಸಪ್ಪ ತನಗೆ ತಾನೇ ಹೇಳಿಕೊಂಡ. ಅವನ ಅಪ್ಪ ಊರಿನ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದಾಗಲೂ ದೂರು ತಂದ ಹೆಣ್ಣು ಎದುರಿಗೆ ಬಂದು ಮಾತಾಡುವಂತಿರಲಿಲ್ಲ. ಹೆಣ್ಣಿನ ಅಳು ಕಿವಿಗೆ ಬಿದ್ದರೆ ತಕ್ಕಡಿ ವಾಲುತ್ತದೆ ಕಣೋ, ಎನ್ನುತ್ತಿದ್ದ ಅಪ್ಪ. ಅವಳ ಪರವಾಗಿ ದೊಡ್ಡವರು ಯಾರಾದರೂ ಹೇಳಬೇಕು, ಅವಳು ಮರೆಯಲ್ಲಿ ಇರಬೇಕು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು: ಒಂದು ಕಡೆಯವರ ಮಾತು ಕೇಳಿ ಎದ್ದು ಹೋಗುವವನು ಯಜಮಾನನಲ್ಲ, ಇಬ್ಬರಿಗೂ ತಿಳಿಸದೆ ನ್ಯಾಯ ಶುರುವಾಗಬಾರದು. ಸಾರಕ್ಕಿ ಕೆರೆಯ ಅಂಚಿನ ಹೊಲವೆಲ್ಲ ಸೈಟಾಗಿ, ಕಟ್ಟೆಯ ಅರಳಿಮರದ ಸುತ್ತ ಗ್ರಿಲ್ ಬಂದು, ಊರಿಗೂರೇ ಬಡಾವಣೆಯೊಳಗೆ ಕರಗಿಹೋದರೂ ದಾಸಪ್ಪ ಅದೊಂದನ್ನು ಬಿಟ್ಟಿರಲಿಲ್ಲ. ಗೊಟ್ಟಿಗೆರೆ, ಅರೆಕೆರೆ, ಜರಗನಹಳ್ಳಿಯ ನೆಂಟರೆಲ್ಲ ಕೋರ್ಟಿಗೆ ಹೋಗುವ ಮುಂಚೆ ಇವತ್ತಿಗೂ ಅವನ ಬಾಗಿಲಿಗೆ ಬರುತ್ತಿದ್ದರು. ಯಾರ ಪರವೂ ವಾಲದವನು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಸಲೂನಿನಿಂದ ಹೊರಗೆ ಬಂದು, ಹೂವಿನವಳ ಬುಟ್ಟಿಯ ಪಕ್ಕ ನಿಂತು, ಅವನು ಅಳಿಯನಿಗೆ ಫೋನು ಮಾಡಿದ. ಆ ಹೆಂಗಸು ಬೇಡವೆಂದದ್ದು ನೆನಪಿತ್ತು. ನೆನಪಿದ್ದೇ ಮಾಡಿದ.

"ಮಾವಾ," ಎಂದ ದಿನೇಶ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಮಾವ, ರಮ್ಯ ಎಲ್ಲೋ ಹೋಗ್ಬಿಟ್ಟಿದಾಳೆ. ಬೆಳಗ್ಗೆಯಿಂದ ಹುಚ್ಚನ ಥರ ಹುಡುಕ್ತಿದೀನಿ. ನಿಮಗೇನಾದ್ರೂ ಫೋನ್ ಮಾಡಿದ್ಲಾ?"

ಈ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬನಶಂಕರಿ ದೇವಸ್ಥಾನ ಸುತ್ತಿದ್ದು ದಾಸಪ್ಪನ ನೆನಪಿಗೆ ಬಂತು. ಆಗ ಅವನ ಮೂಗು ಸದಾ ಸುರಿಯುತ್ತಿತ್ತು, ಹೆಗಲೆಲ್ಲ ಒದ್ದೆ. "ನೀನೇನಾದ್ರೂ ಕೈಗೀ ಮಾಡಿದ್ಯೇನೋ?" ಎಂದು ಕೇಳಿದ. "ಛೇ, ಏನ್ ಮಾವ ನೀವು, ನನ್ನ ಸಾಕಿದ ಕೈ ನಿಮ್ದು, ನನ್ನ ಗೊತ್ತಿಲ್ವಾ ನಿಮಗೆ" ಎಂದ ದಿನೇಶ. ಅದು ಹೌದು ಎಂಬ ಉತ್ತರವೂ ಅಲ್ಲ, ಇಲ್ಲ ಎಂಬುದೂ ಅಲ್ಲ ಎಂದು ದಾಸಪ್ಪನಿಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆಗ ಅವನಿಗೆ ಎದೆ ಹಗುರಾಯಿತು ಅಷ್ಟೆ. "ಎಂಬಸೀಲಿ ಕೂತಿದಾಳೆ. ಹೋಗಿ ಒಳ್ಳೆ ಮಾತಲ್ಲಿ ಕರ್ಕೊಂಡ್ಬಾ. ಬೈಬೇಡ. ನಾನು ಹೇಳ್ದೆ ಅಂತ ಹೇಳು, ಬರ್ತಾಳೆ."

ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಿತ್ತು. ಹೇಳಿದರೆ ಲಕ್ಷ್ಮಿದೇವಮ್ಮ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತು, ಮೊದಲು ನನ್ನ ಮಗಳನ್ನು ಕರೆಸು, ನಿನ್ನ ತಂಗಿ ಮಗನ ನ್ಯಾಯ ಹಾಳಾಗಿ ಹೋಗಲಿ ಎನ್ನುತ್ತಾಳೆ ಎಂದು ಗೊತ್ತಿತ್ತು. ಹೆಂಗಸರಿಗೆ ಹಿಂದು ಮುಂದಿಲ್ಲ. ತಂಗಿ ಸೀತಮ್ಮ ಗೊಟ್ಟಿಗೆರೆಯಲ್ಲಿ ಮೊನ್ನೆ ತಾನೇ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಳೆ, ಮಗ ಸೊಸೆ ಹೀಗೆ ಎಂದರೆ ಅವಳು ಉಳಿಯುತ್ತಾಳೆಯೇ? ಬಳ್ಳಿ ಬಳ್ಳಿಗೇ ಹಬ್ಬಲಿ ಎಂದು ಮಾಡಿಕೊಂಡ ಸಂಬಂಧ. ರಮ್ಯ ಆಗಲೂ ಬೇಡವೆಂದಿರಲಿಲ್ಲ. ಹೂಂ ಎಂದೂ ಹೇಳಿರಲಿಲ್ಲ. ಕೇಳಿದ್ದರು ಎಂದು ದಾಸಪ್ಪನಿಗೆ ನೆನಪು, ಆದರೆ ಕೇಳಿದ್ದು ಯಾರು, ಅವಳು ಏನೆಂದಳು ಎಂಬುದು ಎಷ್ಟು ಕೆದಕಿದರೂ ಹೊಳೆಯಲಿಲ್ಲ. ಅವನು ಸ್ಕೂಟರನ್ನು ಮನೆಯ ಕಡೆಗೆ ತಿರುಗಿಸದೆ ನೇರ ಅರೆಕೆರೆಯ ದಾರಿ ಹಿಡಿದ. ಅಲ್ಲಿ ನೆಂಟ ರಾಮಯ್ಯನ ಮನೆಯಲ್ಲಿ ಅವನ ತಮ್ಮನ ಮಗಳು ಸುನಿತಾಳ ನ್ಯಾಯ ಕಾಯುತ್ತಿತ್ತು. ಅವಳು ಗಂಡನ ಮನೆ ಬಿಟ್ಟು ಬಂದು ಕೂತಿದ್ದಳು.

ಬನ್ನೇರುಘಟ್ಟ ರಸ್ತೆ ಮೆಟ್ರೋ ಕಂಬಗಳ ಕೆಳಗೆ ಎಂದಿನಂತೆ ಕಟ್ಟಿಕೊಂಡಿತ್ತು. ಮುಂದಿನ ಬಸ್ಸಿನ ಹೊಗೆ ಕುಡಿಯುತ್ತ ನಿಂತಾಗ ದಾಸಪ್ಪನ ಕಣ್ಣಿಗೆ ಹೋದ ವರ್ಷದ ಯುಗಾದಿ ಕಟ್ಟಿತು. ರಮ್ಯ ಒಬ್ಬಳೇ ಬಂದಿದ್ದಳು. ಮನೆತುಂಬ ನೆಂಟರು, ಒಬ್ಬಟ್ಟಿನ ವಾಸನೆ. ಹೊತ್ತಿಗೊಮ್ಮೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತು, ಫೋನನ್ನು ಮುಖದೆದುರು ಹಿಡಿದು, ಆಮೇಲೆ ನಿಧಾನವಾಗಿ ಕೋಣೆಯ ಸುತ್ತ ತಿರುಗಿಸುತ್ತಿದ್ದಳು. ಇದು ಅಪ್ಪ, ಇದು ಅಮ್ಮ, ಇದು ಬಾಡಿಗೆ ಮನೆಯ ಆಂಟಿ, ಇನ್ಯಾರೂ ಇಲ್ಲ. ಒಂದು ಸಲ ಬಚ್ಚಲಿನ ಬಾಗಿಲನ್ನೂ ತೆರೆದು ತೋರಿಸಿದ್ದಳು. ದಾಸಪ್ಪ ಪ್ರತಿ ಸಲವೂ ಫೋನಿಗೆ ಕೈಬೀಸಿ, ಊಟ ಆಯ್ತೇನೋ ದಿನೇಶ ಎಂದು ಕೂಗಿದ್ದ. ಅಳಿಯನಿಗೆ ನಮ್ಮನ್ನೆಲ್ಲ ನೋಡುವ ಆಸೆ ಎಂದು ನೆಂಟರೆದುರು ಹೆಮ್ಮೆ ಪಟ್ಟಿದ್ದ. ಬಚ್ಚಲಿನ ಬಾಗಿಲು! ಥೂ, ಎಂಥ ಮಂಕು ಕವಿದಿತ್ತು ತನಗೆ. ಕಣ್ಣಿದ್ದೂ ಕುರುಡ. ಹಿಂದಿನ ಕಾರು ಹಾರನ್ ಬಾರಿಸಿತು, ಯಾರೋ "ಏನ್ ಅಂಕಲ್, ನಿದ್ದೆನಾ" ಎಂದು ಬೈದು ಹೋದರು. ಹೊಡೆಯುವುದು ಒಂದೇ ತಪ್ಪೆಂದು ತಿಳಿದವನಂತೆ, ಕೈಗೀ ಮಾಡಿದ್ಯಾ ಎಂದು ಕೇಳಿ ನೆಮ್ಮದಿಯಾಗಿದ್ದನಲ್ಲ.

ರಾಮಯ್ಯನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿತ್ತು. ಗಂಡಿನ ಕಡೆಯವರು ಗೋಡೆಗೊರಗಿ ಕೂತು ಕಾಫಿ ಮುಗಿಸಿದ್ದರು. ಗಂಡ, ಇಸ್ತ್ರಿ ಮಾಡಿದ ಅಂಗಿಯವನು, ದಾಸಪ್ಪನನ್ನು ಕಂಡಕೂಡಲೇ ಎದ್ದು ಕಾಲು ಮುಟ್ಟಿದ. ಸುನಿತಾ ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಸೀರೆಯ ಅಂಚು, ಒಂದು ಪಾದ, ನೆಲವನ್ನು ಕೆರೆಯುವ ಹೆಬ್ಬೆರಳು, ಇಷ್ಟೇ ಕಾಣುತ್ತಿತ್ತು. ರಾಮಯ್ಯ ಅವಳ ಪರವಾಗಿ ಮಾತು ತೆಗೆದ. "ಅಣ್ಣ, ನಮ್ಮ ಹುಡುಗೀದೇನೂ ತಪ್ಪಿಲ್ಲ ಅಂತ ನಾನ್ ಹೇಳಲ್ಲ. ಮಾತಿಗೆ ಮಾತು ಕೊಡ್ತಾಳೆ. ಅವರ ಮನೇಲೂ ಸ್ವಲ್ಪ ನೋಡ್ಕೋಬೇಕು. ನೀವು ಹೇಗೆ ಹೇಳ್ತೀರೋ ಹಂಗೆ." ಹೆಣ್ಣಿನ ಕಡೆಯವರು ಮೊದಲು ತಗ್ಗಿ ಮಾತಾಡುವುದು ವಾಡಿಕೆ, ಆಮೇಲೆ ಗಂಡಿನ ಕಡೆಯವರು ಒಂದಿಷ್ಟು ತಗ್ಗುತ್ತಾರೆ, ಕೊನೆಗೆ ಎಲೆ ಅಡಿಕೆ. ಎಷ್ಟು ಮನೆಗಳಲ್ಲಿ ಹೀಗೆ ಮುಗಿಸಿದ್ದ. ಇವತ್ತು ಮಾತ್ರ ದಾಸಪ್ಪನಿಗೆ ರಾಮಯ್ಯನ ಮಾತು ಕೇಳಿಸುತ್ತಿರಲಿಲ್ಲ. ಅವನು ಆ ಹೆಬ್ಬೆರಳನ್ನೇ ನೋಡುತ್ತಿದ್ದ. ತನ್ನ ಮನೆಯಲ್ಲಿ ನ್ಯಾಯ ಕೂತಾಗಲೆಲ್ಲ ಪುಟ್ಟ ರಮ್ಯ ಕಿಟಕಿಯ ಹಿಂದೆ ಕೂತು ಕೇಳುತ್ತಿದ್ದಳು. ಎಲ್ಲ ಎದ್ದು ಹೋದ ಮೇಲೆ, "ಅಪ್ಪ, ಆ ಅಕ್ಕ ಏನಂದ್ಲು?" ಎಂದು ಕೇಳುವಳು. "ಅವಳೇನು ಅನ್ನೋದು, ಅವರಣ್ಣ ಹೇಳಿದ್ನಲ್ಲ" ಎಂದರೆ, "ಅಣ್ಣ ಇಲ್ದೇ ಇರೋರು ಏನ್ ಮಾಡ್ತಾರೆ?" ಎಂದು ಮತ್ತೆ ಕೇಳುವಳು. ರಮ್ಯಳಿಗೆ ಅಣ್ಣನಿಲ್ಲ. ಗಂಡಿನ ಕಡೆಗೆ ಅತ್ತೆ ಸೀತಮ್ಮ, ಗಂಡಿನ ಕಡೆಗೆ ಸೋದರಮಾವ ದಾಸಪ್ಪ. ಹೆಣ್ಣಿನ ಕಡೆಗೂ ಅದೇ ದಾಸಪ್ಪ. ಅವಳ ಪರವಾಗಿ ಬಾಯಿ ತೆರೆಯುವ ಒಂದು ನರಪಿಳ್ಳೆಯೂ ಈ ಸಂಬಂಧದಲ್ಲಿ ಇರಲಿಲ್ಲ. ಅದಕ್ಕೇ ಕಾಣದ ಊರಿನಲ್ಲಿ ಬೀದಿ ಬೀದಿ ಕೇಳಿಕೊಂಡು ಹೋಗಿ, ಒಬ್ಬ ದೊಡ್ಡ ಹೆಂಗಸನ್ನು ಹುಡುಕಿಕೊಂಡು, ಅವಳಿಂದ ಅಪ್ಪನಿಗೆ ಹೇಳಿಸಿದ್ದಳು. ಫೋನು ಕಿತ್ತುಕೊಂಡು ತಾನೇ ಅತ್ತಿರಲಿಲ್ಲ. ಅಪ್ಪನ ಪದ್ಧತಿ ಗೊತ್ತಿದ್ದವಳು ಸುಮ್ಮನೆ ಬಾಜೂಕ ಕೂತಿದ್ದಳು. ಅವಳು ನ್ಯಾಯಕ್ಕೆ ಬಂದಿದ್ದಳು.

ದಾಸಪ್ಪ ಕೈಯೆತ್ತಿ ರಾಮಯ್ಯನ ಮಾತು ತಡೆದ. "ಆ ಹುಡುಗೀನ ಹೊರಗೆ ಕರೀರಿ," ಎಂದ. "ಅವಳೇ ಹೇಳ್ಲಿ."

"ಅವಳೇನ್ ಹೇಳ್ತಾಳೆ ಬಿಡಿ ಅಣ್ಣ, ನಾನೇ ಹೇಳ್ತಾ ಇದೀನಲ್ಲ," ಎಂದು ರಾಮಯ್ಯ ನಗಲು ನೋಡಿದ. ಹೆಬ್ಬೆರಳು ಸೀರೆಯೊಳಕ್ಕೆ ಸರಿಯಿತು. ದಾಸಪ್ಪ ಎದ್ದ. ಯಾರಿಗೂ ಏನೂ ಹೇಳದೆ ಮೆಟ್ಟಿಲು ಹತ್ತಿ ತಾರಸಿಗೆ ಬಂದು, ನೀರಿನ ತೊಟ್ಟಿಯ ಮರೆಯಲ್ಲಿ ನಿಂತು, ಬೆಳಗಿನ ನಂಬರನ್ನು ಒತ್ತಿದ. ಸಂಜೆಯವರೆಗೂ ಹೊತ್ತಿದೆ ಎಂದಿದ್ದಳಲ್ಲ, ಈಗಿನ್ನೂ ಮಧ್ಯಾಹ್ನ. ಬಾ ಎನ್ನುತ್ತೇನೆ. ಸೀತಮ್ಮನ ಕಾಲಿಗೆ ಬೇಕಾದರೆ ಬೀಳುತ್ತೇನೆ. ಬಾ ಎಂದುಬಿಡುತ್ತೇನೆ.

"ರಮ್ಯನ ಅಪ್ಪ ಕಣಮ್ಮ. ಬರ್ಲಿ ಅಮ್ಮ, ನನ್ನ ಮಗಳು ಬರ್ಲಿ. ಫೋನು ಅವಳ ಕೈಗೆ ಕೊಡಿ."

"ಆಕಿ ಹೋದ್ಲಲ್ರೀ," ಎಂದಳು ರಾಜಶ್ರೀ. "ಗಂಡ ಬಂದಿದ್ದ. ನಾ ಆಕಿನ್ನ ಬ್ಯಾರೆ ಕ್ವಾಣ್ಯಾಗ ಕುಂಡ್ರಿಸಿ ಎರಡು ಸಲ ಕೇಳಿದ್ನಿ, ನಿನಗ ಮನಸ್ಸಿಲ್ಲಂದ್ರ ಹೋಗಬ್ಯಾಡ, ನಾವದೀವಿ ಅಂತ. ಆಕಿ ಅಳಲಿಲ್ರಿ. 'ಇವರಿಗೆ ಜಾಗ ಹೇಳಿದ್ದು ನಮ್ಮಪ್ಪ ಅಂತೆ, ಹಂಗಾದ್ರೆ ನನ್ನ ತೀರ್ಮಾನ ಆಯ್ತು' ಅಂದ್ಲು. ಸಹಿ ಮಾಡಿ ಹೋದ್ಲು." ಸ್ವಲ್ಪ ತಡೆದು, "ನೀವ ಹೇಳಿದ್ರೇನ್ರಿ?" ಎಂದು ಕೇಳಿದಳು.

"ಹೂಂ," ಎಂದ ದಾಸಪ್ಪ. ಬೆಳಗ್ಗೆ ಅವಳು ಕೇಳಿದ್ದ ಹೂಂ ಈಗ ಬಂತು.

ಅವಳು ಬೈಯಲಿಲ್ಲ. ನಂಬರು ಮಗಳ ಹತ್ತಿರ ಇದೆ, ಯಾವಾಗ ಮಾಡಿದರೂ ಎತ್ತುತ್ತೇವೆ, ನಿಮ್ಮ ಫೋನು ಬಂದಿತ್ತೆಂದು ಬರೆದಿಡುತ್ತೇನೆ ಎಂದಳು. ಫೋನಿಟ್ಟ ಮೇಲೆ ದಾಸಪ್ಪ ತೊಟ್ಟಿಗೆ ಹಣೆ ಒತ್ತಿಕೊಂಡು ನಿಂತ. ಸುತ್ತ ಎತ್ತ ನೋಡಿದರೂ ತಾರಸಿಗಳು, ಒಣಗುವ ಬಟ್ಟೆಗಳು. ಅವನಿಗೂ ಅಂಥ ತಾರಸಿಗಳು ಇದ್ದವು. ರಾಯಚೂರಿನವರು, ಒಡಿಶಾದವರು, ಯಾರು ಯಾರೋ ಗುರುತಿಲ್ಲದವರು ಬಂದು ಗೇಟು ತಟ್ಟಿದರೆ ಆಧಾರ್ ಕಾರ್ಡು ನೋಡಿ ಮನೆ ಕೊಟ್ಟಿದ್ದ.

ರಾಮಯ್ಯ ಏದುಸಿರು ಬಿಡುತ್ತ ಮೇಲೆ ಬಂದ. ಮುಖ ಅರಳಿತ್ತು. "ಬನ್ನಿ ಅಣ್ಣ, ಮುಗೀತು. ನೀವು ಸಿಟ್ಟು ಮಾಡ್ಕೊಂಡು ಎದ್ದು ಹೋದ್ರಲ್ಲ, ಹುಡುಗಿ ಹೆದರ್ಕೊಂಡು ಒಪ್ಕೊಂಡ್ಬಿಟ್ಲು. ಗಂಡನ ಜೊತೆ ಈಗ್ಲೇ ಹೊರಡ್ತಾಳಂತೆ. ನಿಮ್ಮ ಗತ್ತೇ ಗತ್ತು ಬಿಡಿ."

ಇಲ್ಲ ಕಣೋ, ಸಿಟ್ಟಲ್ಲ ಅದು ಎನ್ನಬೇಕಿತ್ತು. ಕೆಳಗಿಳಿಯುವ ಪ್ರತಿ ಮೆಟ್ಟಿಲಿಗೂ ದಾಸಪ್ಪ ಅದನ್ನೇ ಅಂದುಕೊಂಡ. ಕೆಳಗೆ ಹೋದವನೇ ಹೇಳುತ್ತೇನೆ, ನಿಲ್ಲಿಸುತ್ತೇನೆ. ನಡುಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಸುನಿತಾ ಈಗ ಹೊರಗೆ ಬಂದಿದ್ದಳು, ತಲೆ ಬಗ್ಗಿಸಿ ಗಂಡನ ಪಕ್ಕದಲ್ಲಿ. ರಾಮಯ್ಯನ ಹೆಂಡತಿ ಎಲೆ ಅಡಿಕೆಯ ತಟ್ಟೆಯನ್ನು ಮುಂದೆ ಹಿಡಿದಳು. "ನಿನ್ನ ಬಾಯಿಂದ ಹೇಳಮ್ಮ, ಹೋಗ್ತೀಯಾ?" ಎಂದು ದಾಸಪ್ಪ ಕೇಳಿದ್ದು ನಿಜ. ಅವಳು ಮುಖವೆತ್ತಿ ಅವನನ್ನು ನೋಡಿದಳು. ಇಷ್ಟು ಜನರೆದುರು ಇದನ್ನು ಕೇಳುವ ನೀನೆಂಥ ಮುದುಕ ಎಂಬಂತೆ ನೋಡಿದಳು. "ನೀವು ದೊಡ್ಡೋರು ಹೇಳ್ದಂಗೆ," ಎಂದಳು. ಕೈಗಳಿಗೆ ಅಭ್ಯಾಸವಿತ್ತು. ಅವು ತಟ್ಟೆಯನ್ನು ಮುಟ್ಟಿದವು, ಎಲೆಗಳನ್ನು ಎತ್ತಿ ಇಬ್ಬರಿಗೂ ಕೊಟ್ಟವು.

ಊಟ ಮಾಡಿಕೊಂಡು ಹೋಗಿ ಎಂದು ರಾಮಯ್ಯ ಎಷ್ಟು ಹೇಳಿದರೂ ನಿಲ್ಲದೆ ಹೊರಟ. ಹುಳಿಮಾವು ದಾಟುವಷ್ಟರಲ್ಲಿ, ತಾನು ಮನೆಗಲ್ಲ, ಸೀತಮ್ಮ ಮಲಗಿರುವ ಗೊಟ್ಟಿಗೆರೆಯ ಕಡೆಗೆ ಹೋಗುತ್ತಿದ್ದೇನೆ ಎಂದು ತಿಳಿಯಿತು. ಅಲ್ಲಿಗೆ ಹೋಗಿ ಏನು ಹೇಳುವುದು? ನಿನ್ನ ಮಗ ನನ್ನ ಮಗಳನ್ನು ಬಾಳಿಸುತ್ತಿಲ್ಲ ಎಂದೇ? ಅದನ್ನು ಹೇಳಲು ಹೆಣ್ಣಿನ ಕಡೆಯವನಾಗಿರಬೇಕು. ಜೇಬಿನಲ್ಲಿ ಫೋನು ಅದುರಿತು. ಒಂದು ಬೇಕರಿಯ ಎದುರು ಗಾಡಿ ನಿಲ್ಲಿಸಿ ಎತ್ತಿದ.

"ಮಾವ, ಮನೆಗೆ ಬಂದ್ವಿ," ಎಂದ ದಿನೇಶ. ಈಗ ಉಸಿರು ಸಮವಾಗಿತ್ತು, ದನಿಯಲ್ಲಿ ಎಂದಿನ ಮರ್ಯಾದೆ ತುಂಬಿ ತುಳುಕುತ್ತಿತ್ತು. "ನೀವೊಬ್ರು ಹೇಳ್ದೇ ಹೋಗಿದ್ರೆ ನನ್ನ ಕಥೆ ಏನಾಗ್ತಿತ್ತೋ. ನಿಮ್ಮ ಋಣ ತೀರ್ಸೋಕಾಗಲ್ಲ ಮಾವ. ತಗೊಳ್ಳಿ, ರಮ್ಯ ಮಾತಾಡ್ತಾಳೆ."

"ಅಪ್ಪಾ."

"ಹೇಳವ್ವ."

"ನಿಮಗೆ ಸುಮ್ನೆ ತೊಂದ್ರೆ ಕೊಟ್ಬಿಟ್ಟೆ. ಅಮ್ಮನಿಗೆ ಏನೂ ಹೇಳ್ಬೇಡಿ. ಇನ್ಮೇಲೆ ಹಿಂಗೆಲ್ಲ ಮಾಡಲ್ಲ ಅಪ್ಪ."

ದನಿಯಲ್ಲಿ ಅಳುವಿರಲಿಲ್ಲ, ಮುನಿಸೂ ಇರಲಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡಿ, ಗುಡಿಸಿ, ಬೀಗದ ಕೈ ಕೊಟ್ಟು ಬರ್ತೀವಿ ಎನ್ನುವ ಹಾಗಿತ್ತು. ದಾಸಪ್ಪ ಬೇಕರಿಯವರತ್ತ, ಟೀ ಕುಡಿಯುತ್ತ ನಿಂತ ಹುಡುಗರತ್ತ ಬೆನ್ನು ತಿರುಗಿಸಿದ. ಯಾರು ಕೇಳಿಸಿಕೊಂಡರೇನು, ಊರಿಗೂರೇ ಕೇಳಿಸಿಕೊಳ್ಳಲಿ. "ಬಂದ್ಬಿಡವ್ವ," ಎಂದ. ದನಿ ಒಡೆಯಿತು. "ತಪ್ಪಾಯ್ತು ಕಣವ್ವ ನಂದು. ಯಾರ್ ಏನಾದ್ರೂ ಅಂದ್ಕೊಳ್ಲಿ, ನೀನು ಬಂದ್ಬಿಡು."

"ಎಲ್ಲಿಗೆ ಮಾವ?" ಎಂದ ದಿನೇಶ. ಮೆತ್ತಗೆ, ಮರ್ಯಾದೆಯಿಂದಲೇ ಕೇಳಿದ. ಫೋನು ಅಲ್ಲೂ ಸ್ಪೀಕರಿನಲ್ಲಿತ್ತು.

ಅವನ ಹಿಂದೆ ಎಲ್ಲೋ ರಮ್ಯ ನಿಂತಿದ್ದಾಳೆ, ಅಪ್ಪನ ಉತ್ತರಕ್ಕೆ ಕಾಯುತ್ತಿದ್ದಾಳೆ ಎಂದು ದಾಸಪ್ಪನಿಗೆ ಗೊತ್ತಿತ್ತು. ಈಗ ತಾನು ಆಡುವ ಮಾತಿನ ಬೆಲೆಯನ್ನು ಫೋನಿಟ್ಟ ಮೇಲೆ ತೆರಬೇಕಾದವಳು ಅವಳೇ ಎಂಬುದೂ ಗೊತ್ತಿತ್ತು. ಅವನು ಮುಖ ಒರೆಸಿಕೊಂಡ.

"ಏನಿಲ್ಲ ಕಣೋ," ಎಂದ. "ರಜಾ ಸಿಕ್ಕಾಗ ಇಬ್ರೂ ಒಂದ್ಸಲ ಬಂದ್ಹೋಗಿ ಅಂದೆ, ಅಷ್ಟೆ."